ಅರ್ಧ ಲೋಟ ಕಾಫಿ, ಎರಡು ಕ್ಯಾಮೆರಾ

ಕಾಫಿ ತೋಟದ ನಡುವೆ ಬದುಕುತ್ತ ಅರ್ಧ ಲೋಟ ಕಾಫಿ ಕುಡಿಯಬೇಕಾದ ಪಾಡು ನನ್ನದು. ಬಿಟ್ಟಂಗಾಲದ ಈ ಎಸ್ಟೇಟಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ರೈಟರ್ ಆಗಿದ್ದೇನೆ. ರೈಟರ್ ಎಂದೊಡನೆ ಕಥೆ, ಕಾದಂಬರಿ ಎಂದು ನೀವು ಎದ್ದು ನಿಲ್ಲಬೇಡಿ. ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ, ಎಷ್ಟು ಇಂಚು ಮಳೆ ಬಿತ್ತು, ನನ್ನ ಸಮಗ್ರ ಸಾಹಿತ್ಯ ಇಷ್ಟೇ. ಕಿಟಕಿ ತೆರೆದರೆ ಕಾಫಿ ಗಿಡ, ಮುಚ್ಚಿದರೆ ಕಾಫಿಯ ವಾಸನೆ. ಹೀಗಿದ್ದೂ ಈ ವರ್ಷದ ಯುಗಾದಿ ಕಳೆದ ಮೇಲೆ ನನ್ನ ಹೆಂಡತಿ ಸರೋಜ ನನ್ನ ಸ್ಟೀಲ್ ಲೋಟಕ್ಕೆ ಅರ್ಧಕ್ಕಿಂತ ಒಂದು ಗುಟುಕೂ ಹೆಚ್ಚು ಸುರಿಯುತ್ತಿರಲಿಲ್ಲ. ಕೇಳಿದರೆ, "ಇನ್ನರ್ಧ ಆಮೇಲೆ ಕೊಡ್ತೀನಿ ಕಣ್ರೀ, ಬಿಸಿಬಿಸಿಯಾಗಿ ಇರ್ಲಿ ಅಂತ" ಎನ್ನುತ್ತಿದ್ದಳು. ಮಾತು ತಪ್ಪುವವಳಲ್ಲ, ಇನ್ನರ್ಧ ಕೊಡುತ್ತಲೂ ಇದ್ದಳು. ಆದರೂ ಲೋಟದ ಮೇಲರ್ಧದಲ್ಲಿ ಹೊಳೆಯುವ ಖಾಲಿ ಸ್ಟೀಲನ್ನು ನೋಡಿದಾಗಲೆಲ್ಲ ಯಾರೋ ನನಗೆ ಅಳೆದು ಕೊಡುತ್ತಿದ್ದಾರೆ ಎನ್ನಿಸಿ ಸಣ್ಣ ಕಿರಿಕಿರಿಯಾಗುತ್ತಿತ್ತು.

ಕಿರಿಕಿರಿ ಈಚೆಗೆ ನನಗೆ ಹೊಸದಲ್ಲ. ನಿಂತಲ್ಲಿ ನಿಲ್ಲಲಾರೆ, ಕೂತಲ್ಲಿ ಕೂರಲಾರೆ ಎಂಬ ಸ್ಥಿತಿಗೆ ನಾನು ಬಂದು ಕೆಲವು ತಿಂಗಳಾದವು. ಅದಕ್ಕೆ ಕಾರಣ ಎರಡು ಕ್ಯಾಮೆರಾ ಎಂದು ನಾನು ಬಹಳ ದಿನ ನಂಬಿದ್ದೆ.

ಆ ಎರಡೂ ನಮ್ಮ ಪಡಸಾಲೆಯ ಗೋಡೆಬೀರುವಿನಲ್ಲಿ ವಾಸವಾಗಿವೆ. ಕೊಡಗಿನ ಮಳೆಗಾಲದಲ್ಲಿ ಕ್ಯಾಮೆರಾ ಇಟ್ಟುಕೊಳ್ಳುವುದು ಎಳೆಗೂಸನ್ನು ಸಾಕಿದ ಹಾಗೆ. ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೆ ಬೂಸ್ಟು, ಬೆಲ್ಟಿಗೆ ಬೂಸ್ಟು, ದೇವರ ಪಟದ ಗಾಜಿನ ಒಳಗೂ ಬೂಸ್ಟು. ಲೆನ್ಸಿನೊಳಗೆ ಒಮ್ಮೆ ಅದು ಬೇರು ಬಿಟ್ಟಿತೆಂದರೆ ಜೇಡರ ಬಲೆಯಂತೆ ಹರಡಿ ಕೂರುತ್ತದೆ. ಆದ್ದರಿಂದ ಬೀರುವಿನ ಒಳಗೆ ಕೆಳಗಡೆ ಒಂದು ನಲವತ್ತು ವ್ಯಾಟಿನ ಹಳೆಯ ಬಲ್ಬು ಹಗಲಿರುಳೂ ಉರಿಯುತ್ತಿರುತ್ತದೆ. ಈಗಿನ ಎಲ್‌ಇಡಿ ಬಲ್ಬುಗಳು ಬೆಳಕು ಕೊಡುತ್ತವೆಯೇ ಹೊರತು ಬೆಚ್ಚಗಿಡುವುದಿಲ್ಲವಾದ್ದರಿಂದ ವಿರಾಜಪೇಟೆಯ ಹಳೆಯ ಅಂಗಡಿಯೊಂದರಲ್ಲಿ ಧೂಳು ಕುಡಿಯುತ್ತಿದ್ದ ಆರು ಬಲ್ಬುಗಳನ್ನು ಒಟ್ಟಿಗೇ ತಂದಿಟ್ಟಿದ್ದೇನೆ. ಬೀರು ಬೆಚ್ಚಗಿರುವ ಸುದ್ದಿ ಅಡುಗೆಮನೆಗೆ ಮುಟ್ಟಲು ಬಹಳ ದಿನ ಬೇಕಾಗಲಿಲ್ಲ. ಮೊದಲು ಉಪ್ಪಿನ ಡಬ್ಬಿ ಬಂತು, ಆಮೇಲೆ ಹಪ್ಪಳ, ಆಮೇಲೆ ಸರೋಜಳ ರೇಷ್ಮೆ ಸೀರೆ. ಈಗ ಕ್ಯಾಮೆರಾ ತೆಗೆಯಬೇಕೆಂದರೆ ನಾನು ಹಪ್ಪಳದ ಕಟ್ಟನ್ನು ಕೇಳಿ ಕೈ ಚಾಚಬೇಕು.

ಎರಡೂ ಮಿರರ್‌ಲೆಸ್ ಕ್ಯಾಮೆರಾಗಳೇ. ಒಳಗೆ ಕನ್ನಡಿಯಿಲ್ಲದ, ಬೆಳಕು ನೇರವಾಗಿ ಸೆನ್ಸರಿನ ಮೇಲೆ ಬೀಳುವ ಈ ಕಾಲದ ಯಂತ್ರಗಳು. ಮೊದಲನೆಯದು ಚಿಕ್ಕದು. ಅದರ ಸೆನ್ಸರ್ ನನ್ನ ಹೆಬ್ಬೆರಳಿನ ಉಗುರಿನಷ್ಟಿದೆ. ಏಳು ವರ್ಷ ಅದನ್ನು ಕೊರಳಿಗೆ ಹಾಕಿಕೊಂಡು ತೋಟ ಸುತ್ತಿದ್ದೇನೆ. ಸಿಲ್ವರ್ ಓಕಿನ ತುದಿಯಲ್ಲಿ ಕೂತ ಮಂಗಟ್ಟೆ ಹಕ್ಕಿಯನ್ನು ಅಂಗೈಯಷ್ಟು ಲೆನ್ಸಿನಲ್ಲಿ ಹತ್ತಿರಕ್ಕೆ ಎಳೆದುಕೊಂಡಿದ್ದೇನೆ. ಅದಕ್ಕೊಂದು ವಿದ್ಯೆಯಿದೆ. ಒಳಗಿನ ಸೆನ್ಸರ್ ತೇಲುವಂತೆ ಜೋಡಿಸಿದ್ದಾರೆ; ಹಿಡಿದವನ ಕೈ ಎತ್ತ ಅಲುಗಿದರೂ ಅದು ತಾನೂ ಅದಕ್ಕೆ ತಕ್ಕಂತೆ ಸರಿದು ಚಿತ್ರ ಅಲುಗದಂತೆ ಕಾಪಾಡುತ್ತದೆ. ಎರಡನೆಯದು ದೊಡ್ಡದು, ಫುಲ್ ಫ್ರೇಮ್. ಸೆನ್ಸರ್ ಅಂಚೆಚೀಟಿಯಷ್ಟಗಲ, ಚಿಕ್ಕದರ ನಾಲ್ಕು ಪಾಲು. ಮದುವೆ ಫೋಟೋ ತೆಗೆಯುವ ಪರಿಚಯದವರೊಬ್ಬರು ಹೊಸದು ಕೊಂಡಾಗ ಅವರ ಹಳೆಯದನ್ನು ನಾನು ಮೇ ತಿಂಗಳಲ್ಲಿ ತಂದೆ. ಹಳೆಯ ಮಾದರಿಯಾದ್ದರಿಂದ ಅದಕ್ಕೆ ಆ ತೇಲುವ ವಿದ್ಯೆ ಬಾರದು.

ದೊಡ್ಡದನ್ನು ಯಾಕೆ ತಂದೆ ಎಂದು ನೀವು ಕೇಳುವಿರಿ. ಅದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿತ್ತು: ಮಳೆಗಾಲದ ಮಬ್ಬು. ಸೆನ್ಸರ್ ದೊಡ್ಡದಿದ್ದಷ್ಟೂ ಬೆಳಕು ಹೆಚ್ಚು ಹಿಡಿಯುತ್ತದೆ, ಕತ್ತಲಿನ ಮೂಲೆಗಳಲ್ಲಿ ಚಿತ್ರ ರವೆ ರವೆಯಾಗುವುದಿಲ್ಲ, ಮುಖದ ಹಿಂದಿನ ತೋಟ ಮೆತ್ತಗೆ ಕರಗುತ್ತದೆ. ಆದರೆ ದಿನಾ ಬೆಳಿಗ್ಗೆ ಮಳೆ ಅಳೆಯುವವನಾದ ನನಗೆ ಈ ಮಾತಿನೊಳಗೆ ಒಂದು ಮುಳ್ಳು ಕಾಣುತ್ತಿತ್ತು. ಆಫೀಸಿನ ಮುಂದೆ ಮಳೆಮಾಪಕವಿದೆ, ಪಕ್ಕದಲ್ಲೇ ಬಯಲಲ್ಲಿ ಮಳೆನೀರಿಗೆ ಇಟ್ಟ ಹಂಡೆಯಿದೆ. ಹಂಡೆಯ ಬಾಯಿ ಅಗಲವಾದ್ದರಿಂದ ಅದರಲ್ಲಿ ಸಿಗುವ ನೀರು ಹೆಚ್ಚು, ನಿಜ. ಹಾಗೆಂದು ಬಿದ್ದ ಮಳೆ ಒಂದಿಂಚೂ ಹೆಚ್ಚಾಗುವುದಿಲ್ಲ. ಪುಸ್ತಕದಲ್ಲಿ ನಾನು ಬರೆಯುವ ಇಂಚು ಹಂಡೆಗೂ ಅದೇ, ಲೋಟಕ್ಕೂ ಅದೇ. ಲೋಕದ ಬೆಳಕು ಇರುವಷ್ಟೇ ಇರುತ್ತದೆ, ಪಾತ್ರೆ ಮಾತ್ರ ನಮ್ಮದು. ಇಷ್ಟು ತಿಳಿದೂ ನಾನು ಹಂಡೆ ಹುಡುಕಿಕೊಂಡು ಹೋದೆ ಎಂದಮೇಲೆ ನನ್ನ ದಾಹವೇ ಬೇರೆ ಇರಬೇಕಲ್ಲವೇ? ಆಗ ಆ ಪ್ರಶ್ನೆ ನನಗೆ ಹೊಳೆಯಲಿಲ್ಲ.

ನಿಜ ಹೇಳುತ್ತೇನೆ. ಚಿಕ್ಕ ಕ್ಯಾಮೆರಾದಲ್ಲೂ ಯುಗಾದಿಯ ಹೊತ್ತಿಗಾಗಲೇ ಅಲ್ಲೊಂದು ಇಲ್ಲೊಂದು ಚಿತ್ರ ಮಸುಕಾಗತೊಡಗಿತ್ತು. ಸೆನ್ಸರ್ ಚಿಕ್ಕದು, ಸಾಲದು ಎಂದುಕೊಂಡೆ. ದೊಡ್ಡದು ತಂದೆ, ಅದರಲ್ಲಿ ಹತ್ತಕ್ಕೆ ಏಳು ಮಸುಕಾದವು. ಇದು ಕೆಟ್ಟದ್ದು ಎಂದುಕೊಂಡೆ. ಕೊಟ್ಟವರ ಬಳಿಗೇ ಒಯ್ದೆ. ಅವರು ನಾಲ್ಕು ಚಿತ್ರ ತೆಗೆದು, ತಲೆಗೂದಲು ಎಣಿಸುವಷ್ಟು ಸ್ಪಷ್ಟವಾಗಿದ್ದುದನ್ನು ತೋರಿಸಿ ವಾಪಸು ಕೊಟ್ಟರು. ಹಾಗಾದರೆ ಲೆನ್ಸ್ ಸರಿಯಿಲ್ಲ. ಹಾಗಾದರೆ ಮಂಜು. ಹಾಗಾದರೆ ಸೆಟ್ಟಿಂಗು. ಯೂಟ್ಯೂಬಿನಲ್ಲಿ ಈ ಎರಡು ಬಗೆಯ ಸೆನ್ಸರುಗಳನ್ನು ಕುಸ್ತಿಗೆ ಬಿಡುವ ಪಂಡಿತರು ನೂರಾರು ಜನ ಇದ್ದಾರೆ, ಅವರನ್ನೆಲ್ಲ ಕೇಳಿದೆ. ಅಂಗಳದ ಹಲಸಿನ ಮರವನ್ನು ದಿನಾ ಬೆಳಿಗ್ಗೆ ಎರಡರಲ್ಲೂ ಎರಡೆರಡು ಸಲ ತೆಗೆದು ಪಕ್ಕಪಕ್ಕ ಇಟ್ಟು ನೋಡಿದೆ. ಆ ಮರಕ್ಕೆ ಬಾಯಿ ಇದ್ದಿದ್ದರೆ ಬೈದಿರುತ್ತಿತ್ತು. ತೋಟದ ದಾರಿಯಲ್ಲಿ ಒಂದನ್ನು ಹಿಡಿದು ಹೊರಟರೆ ಅರ್ಧ ದಾರಿಯಲ್ಲಿ ಇನ್ನೊಂದು ಬೇಕಿತ್ತೆನಿಸಿ ಹಿಂದಿರುಗುವುದು, ಎರಡನ್ನೂ ಹೊತ್ತರೆ ಯಾವುದನ್ನು ಎತ್ತಲಿ ಎಂದು ಹಕ್ಕಿ ಹಾರಿಹೋಗುವವರೆಗೆ ಯೋಚಿಸುವುದು, ಹೀಗೇ ಮಳೆಗಾಲ ಕಳೆಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲವನ್ನು ಅಳೆಯಲು ಟೇಪನ್ನೇ ಹಿಡಿದುಕೊಂಡು ಕೂತಿದ್ದೆ.

ನೆಲ ಡೊಂಕಲ್ಲ ಎನ್ನುವುದು ನನ್ನೊಳಗಿನ ಯಾವನಿಗೋ ಗೊತ್ತಿತ್ತು. ಅವನನ್ನು ಮಾತಾಡಲು ಬಿಡದಿರುವುದಕ್ಕೇ ನಾನು ಅಷ್ಟು ಮಾತಾಡುತ್ತಿದ್ದೆ. ಅವನು ಯಾರೆಂದು ಹೇಳಬೇಕಾದರೆ ನಮ್ಮಪ್ಪನ ವಿಷಯ ಹೇಳಬೇಕು.

ಅಪ್ಪ ಶಿರಂಗಾಲದಲ್ಲಿ ಬೇಸಾಯಗಾರ. ತಾತನ ಕಾಲಕ್ಕೆ ಹಾಸನದ ಕಡೆಯಿಂದ ಬಂದು ನೆಲೆಸಿದ ಮನೆತನ. ನೇಗಿಲ ಸಾಲು ನೂಲು ಹಿಡಿದಂತೆ ಎಳೆಯುತ್ತಿದ್ದ ಮನುಷ್ಯನಿಗೆ ಐವತ್ತು ದಾಟಿದ ಮೇಲೆ ಬಲಗೈ ನಡುಗತೊಡಗಿತು. ಮೊದಮೊದಲು ಬೀಡಿ ಹಚ್ಚುವಾಗ, ಆಮೇಲೆ ಸುಮ್ಮನೆ ಕೂತಾಗಲೂ. ನೆಂಟರ ಮನೆಯ ಮದುವೆಯೊಂದರಲ್ಲಿ, ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಅಪ್ಪ ಪಾಯಸದ ದೊನ್ನೆ ಎತ್ತಿದ. ಅದು ತುಳುಕಿ ಆಚೆ ಪಕ್ಕದವರ ಬಿಳೀ ಪಂಚೆಯ ಮೇಲೆಲ್ಲ ಚೆಲ್ಲಿತು. ಯಾರೋ ನಕ್ಕರು, ಯಾರೋ "ಬೆಳಗ್ಗೇನೇ ಹಾಕ್ಕೊಂಡು ಬಂದವ್ನೇನೋ" ಎಂದರು. ಅಪ್ಪ ಹೆಂಡ ಮುಟ್ಟಿದವನಲ್ಲ. ನನಗಾಗ ಹದಿನಾಲ್ಕು. ಮುಂದಿನ ಮದುವೆಯೂಟದಲ್ಲಿ ಅಪ್ಪ ತನ್ನ ಪಕ್ಕ ಟವಲ್ ಹಾಸಿ ನನಗೆಂದು ಜಾಗ ಹಿಡಿದಿದ್ದ. ನಾನು ಕಂಡೂ ಕಾಣದವನಂತೆ ಜರುಗಿ ಹೋಗಿ ಎದುರು ಪಂಕ್ತಿಯ ಕೊನೆಯಲ್ಲಿ ಕೂತೆ. ಊಟ ಮುಗಿಯುವವರೆಗೆ ಆ ಟವಲ್ ಅಲ್ಲೇ ಇತ್ತು, ಅಪ್ಪ ಅದನ್ನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ಅವನು ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಆ ನಾಚಿಕೆ ಈಗಲೂ ನನ್ನನ್ನು ಸುಡುತ್ತದೆ. ನನ್ನ ಕೈಯೂ ಅದೇ ದಾರಿ ಹಿಡಿದರೆ ನನ್ನ ಪಕ್ಕದಿಂದ ಯಾರು ಜರುಗಿ ಹೋಗುತ್ತಾರೋ ಎಂಬ ಭಯ ನನಗೆ ಐವತ್ತು ದಾಟಿದ ದಿನದಿಂದಲೂ ಇತ್ತು.

ಹೀಗಿರುವಾಗ ಸೆಪ್ಟೆಂಬರ್ ಬಂತು, ಕೈಲ್ ಮುಹೂರ್ತ ಬಂತು. ಗದ್ದೆಯ ನಾಟಿ ಮುಗಿದು, ಕೃಷಿಯ ಉಪಕರಣಗಳಿಗೂ ಕೋವಿಗಳಿಗೂ ಪೂಜೆ ಮಾಡಿ, ಆಮೇಲೆ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಅದಕ್ಕೆ ಗುಂಡು ಹೊಡೆಯುವ ಹಬ್ಬ. ನಮ್ಮ ಎಸ್ಟೇಟಿನ ಬೇಲಿಗೆ ಹೊಂದಿಕೊಂಡಂತೆಯೇ ತಂಗಮ್ಮಕ್ಕನ ಮನೆ. ಎಪ್ಪತ್ತು ದಾಟಿದ ಹೆಂಗಸು. ಮದುವೆಯಾಗಿ ಬಂದ ವರ್ಷದಿಂದ ತೆಂಗಿನಕಾಯಿಗೆ ಗುರಿ ಹಿಡಿದವರು, ತಪ್ಪಿದ್ದು ಬೆರಳಲ್ಲಿ ಎಣಿಸುವಷ್ಟು. ಹಿಂದಿನ ದಿನ ಬೇಲಿಯಾಚೆ ನಿಂತು ನನ್ನ ಹಲಸಿನ ಮರದ ಪರೀಕ್ಷೆಯನ್ನು ನೋಡಿದ ಅವರು ಕೇಳಿದರು: "ಎಂತ ರೈಟ್ರೇ, ಎರಡೆರಡು ಹೊತ್ಕೊಂಡು ಒಂದೇ ಮರ ತೆಗೆಯೋದು? ನಾಳೆ ನಿಮ್ಮ ಆಯುಧನೂ ತನ್ನಿ. ಕೋವಿ ಪಕ್ಕದಲ್ಲಿ ಇಡುವ. ಹೂ ಇಟ್ರೆ ಅದಕ್ಕೂ ಸ್ವಲ್ಪ ಬುದ್ಧಿ ಬರ್ತದೆ."

ಮರುದಿನ ಅವರ ಮನೆಯ ನಡುಕೋಣೆಯಲ್ಲಿ, ದೀಪದ ಮುಂದೆ, ಎರಡು ಕೋವಿಗಳ ಪಕ್ಕ ನನ್ನ ಎರಡು ಕ್ಯಾಮೆರಾಗಳೂ ಗಂಧ ಹಚ್ಚಿಸಿಕೊಂಡು ಕೂತವು. ಕೋವಿಯ ಬಾಯಿಗೆ ತೋಕ್ ಪೂ ಎನ್ನುವ ಕೆಂಪು ಹಳದಿಯ ಕಾಡುಹೂವನ್ನು ಸಿಕ್ಕಿಸಿದ್ದರು. ಕ್ಯಾಮೆರಾಗಳಿಗೆ ಸಿಕ್ಕಿಸಲು ಜಾಗವಿಲ್ಲದೆ ಮೇಲೆ ಒಂದೊಂದು ಎಸಳು ಇಟ್ಟರು. ದೊಡ್ಡದಕ್ಕೆ ದೊಡ್ಡ ಎಸಳು, ಚಿಕ್ಕದಕ್ಕೆ ಚಿಕ್ಕದು. ಸರೋಜ ಕೈಮುಗಿದಳು. ನಾನೂ ಮುಗಿದೆ, ಎರಡು ಕೈಗಳನ್ನೂ ಬಲವಾಗಿ ಒತ್ತಿ ಹಿಡಿದು.

ಗದ್ದೆಯಂಚಿನಲ್ಲಿ ಗುರಿ ಹೊಡೆಯುವುದು ಶುರುವಾದಾಗ ಜಿನುಗು ಮಳೆ, ಮರಗಳ ಕೆಳಗೆ ಮಬ್ಬು. ತಂಗಮ್ಮಕ್ಕ ಕೋವಿ ಎತ್ತಿದರು, ಉಸಿರು ಬಿಟ್ಟರು, ಹೊಡೆದರು. ತೆಂಗಿನಕಾಯಿ ಅಲುಗಲಿಲ್ಲ. ಅವರೇ ಜೋರಾಗಿ ನಕ್ಕು ಎಲ್ಲರಿಗೂ ಕೇಳುವಂತೆ ಹೇಳಿದರು: "ಕಣ್ಣಿಗೆ ಪೊರೆ ಬಂದುಂಟು ಮಾರಾಯ್ರೇ! ನನಗೆ ಕಾಯಿ ಒಂದಲ್ಲ, ಎರಡು ಕಾಣ್ತದೆ. ಯಾವುದಕ್ಕೆ ಹೊಡೀಲಿ? ನಡುವಲ್ಲಿ ಹೊಡೆದೆ. ಮುಂದಿನ ತಿಂಗಳು ಆಪರೇಷನ್, ಬರುವ ವರ್ಷ ನೋಡುವ." ಎಲ್ಲರೂ ನಕ್ಕರು. ಯಾರ ನಗುವಿನಲ್ಲೂ ಚುಚ್ಚು ಇರಲಿಲ್ಲ. ತನ್ನ ಕುಂದನ್ನು ಹೀಗೆ ನಟ್ಟ ನಡು ಬಯಲಲ್ಲಿ ನಿಂತು ಹೇಳಿಬಿಡಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಆಮೇಲೆ ಅವರು ನನ್ನ ಕಡೆ ತಿರುಗಿ, "ಕೊಡಿ ಆ ದೊಡ್ಡದು. ಇದರಲ್ಲಾದ್ರೂ ಬೀಳ್ತದಾ ನೋಡುವ. ಅಲ್ಲೇ ನಿಂತ್ಕೊಳ್ಳಿ" ಎಂದರು. ಬೆಳಗಿನ ಹಲಸಿನ ಮರದ ಪರೀಕ್ಷೆಗೆಂದು ಶಟರನ್ನು ತೀರ ನಿಧಾನಕ್ಕೆ, ಅಲುಗಿದ್ದೆಲ್ಲ ಮಸುಕಾಗುವಷ್ಟು ನಿಧಾನಕ್ಕೆ, ಇಟ್ಟದ್ದು ನನಗೆ ಮರೆತುಹೋಗಿತ್ತು. ಅಷ್ಟು ನಿಧಾನದಲ್ಲಿ ನನ್ನ ಕೈಯಲ್ಲಿ ಒಂದು ಚಿತ್ರವೂ ನೆಟ್ಟಗೆ ಬಂದದ್ದಿಲ್ಲ. ಕೊಟ್ಟೆ. ಎಡಗೈಯಲ್ಲಿ ಚಿಕ್ಕ ಕ್ಯಾಮೆರಾ ಹಿಡಿದು, ಬಲಗೈ ಇಳಿಬಿಟ್ಟು ನಿಂತೆ. ಅವರು ಕೋವಿ ಹಿಡಿದ ಹಾಗೆಯೇ ಮೊಣಕೈಯನ್ನು ಮೈಗೆ ಒತ್ತಿ, ಉಸಿರು ಬಿಟ್ಟು, ಬೆರಳನ್ನು ಮೆಲ್ಲನೆ ಒತ್ತಿದರು. ಗುರಿ ನೋಡುವ ಕೆಲಸವನ್ನು ಕ್ಯಾಮೆರಾ ಮಾಡಿಕೊಂಡಿತು, ಹಿಡಿಯುವ ಕೆಲಸವನ್ನು ಅವರು ಮಾಡಿದರು. "ಹೇಗೆ ಬಂದುಂಟು? ನನಗೆ ಕಾಣೋದಿಲ್ಲ, ನೀವೇ ನೋಡಿ ಹೇಳಿ" ಎಂದು ವಾಪಸು ಕೊಟ್ಟರು.

ನೋಡಿದೆ. ಹಿಂದಿನ ಮರದ ತೊಗಟೆಯ ಬಿರುಕುಗಳು, ನನ್ನ ಅಂಗಿಯ ಗುಂಡಿ, ಹುಬ್ಬಿನ ನರೆಗೂದಲು, ಕಂಕುಳಲ್ಲಿದ್ದ ಕೊಡೆಯ ಹಿಡಿ, ಚಿಕ್ಕ ಕ್ಯಾಮೆರಾದ ಮೇಲೆ ಇನ್ನೂ ಅಂಟಿಕೊಂಡಿದ್ದ ಗಂಧದ ಬೊಟ್ಟು, ಎಲ್ಲವೂ ಕಡೆದಿಟ್ಟಷ್ಟು ಸ್ಪಷ್ಟ. ಒಂದು ಮಾತ್ರ ಮಸುಕು. ಮಣಿಕಟ್ಟಿನಿಂದ ಕೆಳಗೆ ನನ್ನ ಬಲಗೈ ಇರಲಿಲ್ಲ. ಅಲ್ಲೊಂದು ಹೊಗೆಯಂಥದು ಇತ್ತು.

"ಚೆನ್ನಾಗಿ ಬಂದಿದೆ ತಂಗಮ್ಮಕ್ಕ" ಎಂದೆ. ಪೊರೆ ಬಂದ ಕಣ್ಣಿನವರಿಗೆ ಸುಳ್ಳು ಹೇಳುವುದು ಸುಲಭ. ಕಡುಬು ಬಡಿಸಿದರು, ಹಸಿವಿಲ್ಲವೆಂದು ನೆಪ ಹೇಳಿ ಮನೆಗೆ ಬಂದೆ.

ಆಮೇಲಿನ ನಾಲ್ಕು ದಿನ ನಾನು ಯಾವ ಮರದ ಚಿತ್ರವನ್ನೂ ತೆಗೆಯಲಿಲ್ಲ. ಬೀರು ತೆರೆಯುವುದು, ಆ ಚಿತ್ರ ನೋಡುವುದು, ಮುಚ್ಚುವುದು, ಮತ್ತೆ ತೆರೆಯುವುದು. ನನ್ನ ಎರಡು ಕ್ಯಾಮೆರಾಗಳ ವ್ಯತ್ಯಾಸ ಕೊನೆಗೂ ನನಗೆ ತಿಳಿದಿತ್ತು, ಯಾವ ಯೂಟ್ಯೂಬಿನ ಪಂಡಿತನೂ ಹೇಳದ ವ್ಯತ್ಯಾಸ. ಚಿಕ್ಕದು ಇಷ್ಟು ಕಾಲ ನನ್ನ ಕೈಯ ಕುಂದನ್ನು ಮುಚ್ಚಿಟ್ಟುಕೊಂಡು ಬಂದಿತ್ತು. ನಾನು ನಡುಗಿದಷ್ಟೂ ಅದು ಒಳಗೊಳಗೇ ಸರಿದಾಡಿ, "ಏನೂ ಆಗಿಲ್ಲ, ಏನೂ ಆಗಿಲ್ಲ" ಎಂದು ನನ್ನನ್ನೇ ನಂಬಿಸಿತ್ತು. ದೊಡ್ಡದಕ್ಕೆ ಆ ದಾಕ್ಷಿಣ್ಯ ತಿಳಿಯದು. ಕಂಡದ್ದನ್ನು ಕಂಡಂತೆ, ಅದೂ ನಾಲ್ಕು ಪಾಲು ದೊಡ್ಡದಾಗಿ, ಮುಖಕ್ಕೆ ಹಿಡಿಯಿತು. ಇವೆರಡರಲ್ಲಿ ಒಳ್ಳೆಯದು ಯಾವುದು, ನೀವೇ ಹೇಳಿ. ಮುಚ್ಚಿಟ್ಟದ್ದು ಕರುಣೆಯೋ, ಮೋಸವೋ? ತೋರಿಸಿದ್ದು ಕ್ರೌರ್ಯವೋ, ಉಪಕಾರವೋ? ಒಂದು ಗಳಿಗೆ ಚಿಕ್ಕದನ್ನು ತಬ್ಬಿಕೊಳ್ಳಬೇಕೆನಿಸುತ್ತಿತ್ತು, ಮರುಗಳಿಗೆ ಅದನ್ನು ಹಂಡೆಯ ನೀರಿಗೆ ಎಸೆಯಬೇಕೆನಿಸುತ್ತಿತ್ತು. ಅಪ್ಪನ ನೆನಪಾಗುತ್ತಿತ್ತು. ಅವನ ಕಾಲಕ್ಕೆ ಮುಚ್ಚಿಡುವ ಯಂತ್ರವೂ ಇರಲಿಲ್ಲ, ತೋರಿಸುವ ಯಂತ್ರವೂ ಇರಲಿಲ್ಲ. ಇದ್ದದ್ದು ಮಗನೊಬ್ಬ, ಅವನು ಎದುರು ಪಂಕ್ತಿಗೆ ಹೋಗಿ ಕೂತಿದ್ದ.

ಐದನೆಯ ದಿನ ಸಂಜೆ ಸರೋಜ ಹಪ್ಪಳ ತೆಗೆಯಲು ಬಂದಾಗ ನಾನು ಬೀರುವಿನ ಮುಂದೆ ನೆಲದ ಮೇಲೆ ಕೂತಿದ್ದೆ. ಹೇಳಬೇಕೆಂದು ನಿಶ್ಚಯಿಸಿದ್ದೆನೆಂದು ಬಡಾಯಿ ಕೊಚ್ಚಲಾರೆ; ಅಡಗಿಸಿಡಲು ಸಮಯ ಸಿಗಲಿಲ್ಲ, ಅಷ್ಟೆ. ಕ್ಯಾಮೆರಾದ ಹಿಂಬದಿಯ ಪರದೆಯನ್ನು ಅವಳತ್ತ ತಿರುಗಿಸಿದೆ. "ನನ್ನ ಕೈ ನೋಡು. ಅಪ್ಪನಿಗೆ ಬಂದದ್ದು ನನಗೂ ಬಂದಿದೆ, ಸರೋಜ" ಎಂದೆ. ಹೇಳುವಾಗ ದನಿಯೂ ನಡುಗಿತು, ಅದನ್ನು ಯಾವ ಕ್ಯಾಮೆರಾವೂ ಸರಿಮಾಡಲಾರದು.

ಅವಳು ಬಲ್ಬಿನ ಬೆಳಕಿನಲ್ಲಿ ಬಾಗಿ ಬಹಳ ಹೊತ್ತು ನೋಡಿದಳು. "ಇದನ್ನ ಕಂಡುಹಿಡಿಯೋಕೆ ಎರಡು ಕ್ಯಾಮೆರಾ ಬೇಕಾಯ್ತಾ ನಿಮ್ಗೆ?" ಎಂದಳು. "ಯುಗಾದಿ ಹಬ್ಬದ ಬೆಳಗ್ಗೆ ಹೊಸ ಪಂಚೆ ಮೇಲೆ ಕಾಫಿ ಚೆಲ್ಕೊಂಡು, ಲೋಟ ಸುಡ್ತು ಅಂತ ನನ್ಗೇ ಬೈದ್ರಲ್ಲ, ಅವತ್ತೇ ನಂಗೆ ಗೊತ್ತಾಯ್ತು. ಲೋಟ ಸುಡ್ತಿರ್ಲಿಲ್ಲ ಕಣ್ರೀ. ಅವತ್ತಿಂದ ಅರ್ಧರ್ಧ ಕೊಡ್ತಾ ಇದೀನಿ, ತುಳುಕದೇ ಇರ್ಲಿ ಅಂತ. ನೀವೇ ಹೇಳ್ತೀರ, ನಿಮ್ಮ ಬಾಯಿಂದಾನೇ ಬರ್ಲಿ ಅಂತ ಕಾಯ್ತಾ ಇದ್ದೆ."

ಐದು ತಿಂಗಳು. ಮುನ್ನೂರು ಅರ್ಧ ಲೋಟಗಳಾದರೂ ಆಗಿರಬೇಕು. ಒಂದೊಂದನ್ನೂ ಅವಳು ಕಣ್ಣಳತೆಯಲ್ಲಿ ತುಂಬಿದ್ದಳು, ಒಂದೊಂದಕ್ಕೂ ನಾನು ಒಳಗೇ ಗೊಣಗಿದ್ದೆ. ಮುಚ್ಚಿಡುವುದೂ ಅಲ್ಲದ, ಎತ್ತಿ ತೋರಿಸುವುದೂ ಅಲ್ಲದ ಇನ್ನೊಂದು ದಾರಿ ನನ್ನ ಮನೆಯ ಅಡುಗೆ ಒಲೆಯ ಪಕ್ಕದಲ್ಲೇ ಇತ್ತು, ಮತ್ತು ನಾನು ಅದನ್ನು ಸೆನ್ಸರುಗಳಲ್ಲಿ ಹುಡುಕುತ್ತಿದ್ದೆ. ಮುಂದಿನ ವಾರ ಮೈಸೂರಿಗೆ, ನರಗಳ ಡಾಕ್ಟರ ಬಳಿಗೆ ಹೋಗುವುದೆಂದು ಅಲ್ಲೇ ಗೊತ್ತುಮಾಡಿದೆವು. ಅವರು ಏನು ಹೇಳುತ್ತಾರೋ ಗೊತ್ತಿಲ್ಲ. ಭಯವಿದೆ, ಅದನ್ನು ಬಚ್ಚಿಡಲಾರೆ. ತಂಗಮ್ಮಕ್ಕನಿಗೂ ಆ ಚಿತ್ರದಲ್ಲಿ ಮಸುಕಾದದ್ದು ನನ್ನ ಕೈ ಮಾತ್ರ, ಅವರ ಗುರಿ ತಪ್ಪಿರಲಿಲ್ಲವೆಂದು ಹೋಗಿ ಹೇಳಬೇಕು. ಕ್ಯಾಮೆರಾ ಎರಡೂ ಇರಲಿ. ಚಿಕ್ಕದು ತೋಟಕ್ಕೆ ಬರಲಿ, ದೊಡ್ಡದನ್ನು ಹಲಸಿನ ಮರಕ್ಕೆ ಒತ್ತಿ ಹಿಡಿದು ತೆಗೆಯುತ್ತೇನೆ. ಅಷ್ಟು ದಿನ ಕಾಟ ಕೊಟ್ಟ ಮರದ ಆಸರೆಯನ್ನೇ ಕೇಳಲು ನನಗೀಗ ಸಂಕೋಚವಿಲ್ಲ.

ಸರೋಜ ಒಳಗೆ ಹೋಗಿ ಎರಡು ಲೋಟ, ಕಾಫಿ ಪಾತ್ರೆ ತಂದು ಬೀರುವಿನ ಮುಂದೆ ನನ್ನ ಪಕ್ಕದಲ್ಲೇ ಕೂತಳು. ಅಭ್ಯಾಸದಂತೆ ಅರ್ಧಕ್ಕೆ ನಿಲ್ಲಿಸಿದಳು. "ಇವತ್ತು ತುಂಬ ಹಾಕು" ಎಂದೆ. ನನ್ನ ಮುಖ ನೋಡಿದಳು, ಕಂಠದವರೆಗೆ ಸುರಿದಳು. ಬಲಗೈಯಲ್ಲೇ ಎತ್ತಿದೆ. ಕಾಫಿ ತುಳುಕಿ ನನ್ನ ಪಂಚೆಯ ಮೇಲೆ ಬಿತ್ತು, ಹಪ್ಪಳದ ಕಟ್ಟಿನ ಮೇಲೆ ಬಿತ್ತು, ಅವಳ ಸೀರೆಯ ನೆರಿಗೆಯ ಮೇಲೂ ಬಿತ್ತು. ಅವಳು ಜರುಗಿ ಕೂರಲಿಲ್ಲ.